ಕಾಲುವೆ ದಂಡೆಯ ಪ್ರಶ್ನೆಗೆ ಒಂದು ಕರಿ ಡಬ್ಬ: ಕಣ್ಣು-ಕಿವಿಯ ಸಮಯ ಅಳೆಯುವ ಪೆಟ್ಟಿಗೆ ಕಟ್ಟಿದ ಕಥೆ

ಗಂಗಾವತಿ ಕಡೆ ಎಡದಂಡೆ ಕಾಲುವೆಗೆ ನೀರು ಬಿಟ್ಟ ದಿನಗಳಲ್ಲಿ ಬೆಳಿಗ್ಗೆ ಸೇತುವೆ ಮೇಲೆ ನಿಂತರೆ, ಬಟ್ಟೆ ಒಗೆಯುವವರು ದಂಡೆಯುದ್ದಕ್ಕೂ ಕಾಣುತ್ತಾರೆ. ಹತ್ತಿರದವರು ಬಟ್ಟೆಯನ್ನು ಕಲ್ಲಿಗೆ ಬಡಿದರೆ 'ದಪ್' ಅನ್ನುವ ಸದ್ದು ಅದೇ ಕ್ಷಣಕ್ಕೆ ಕೇಳುತ್ತದೆ. ದೂರದವರದು ಹಾಗಲ್ಲ. ಬಟ್ಟೆ ಕಲ್ಲಿಗೆ ಬಡಿದು, ಮತ್ತೆ ಮೇಲೆ ಏಳುವಾಗ ಸದ್ದು ಬರುತ್ತದೆ. ಬೆಳಕು ಬೇಗ, ಸದ್ದು ತಡ ಅನ್ನುವ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಪ್ರಯೋಗಶಾಲೆ ಬೇಕಿಲ್ಲ ಅಂತ ಎಂಟನೇ ತರಗತಿಯ ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದೆ.

ಒಬ್ಬ ಹುಡುಗಿ ಕೇಳಿದಳು: "ಸರ, ಹತ್ತಿರದಾಕಿದೂ ಸೌಂಡು ತಡಾ ಮಾಡೇ ಬರಬೇಕಲ್ರಿ? ಮತ್ತ ಕೂಡೇ ಕೇಳ್ತೈತಿ. ಎಲ್ಲಿಂದ ಬ್ಯಾರೆ ಆಗ್ತೈತ್ರಿ?"

ಪ್ರಶ್ನೆ ಸರಿಯಾಗಿಯೇ ಇತ್ತು. ಗಾಳಿಯಲ್ಲಿ ಸದ್ದು 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸೆಕೆಂಡಿಗೆ ಸುಮಾರು 343 ಮೀಟರ್ ಹೋಗುತ್ತದೆ. 10 ಮೀಟರ್ ದೂರದಿಂದ ಬರಲು 29 ಮಿಲಿಸೆಕೆಂಡು ಬೇಕು. ಅಂದರೆ ಸೆಕೆಂಡಿನ ಸಾವಿರ ಭಾಗದಲ್ಲಿ 29 ಭಾಗ. ತಡ ಇದ್ದೇ ಇದೆ, ಆದರೆ ನಮಗೆ ತಿಳಿಯುವುದಿಲ್ಲ. ಅಷ್ಟು ಅಂತರವನ್ನು ಮಿದುಳು ನುಂಗಿಕೊಂಡು, ನೋಡಿದ್ದೂ ಕೇಳಿದ್ದೂ ಒಂದೇ ಘಟನೆ ಅಂತ ನಮ್ಮ ಮುಂದಿಡುತ್ತದೆ. ಎಷ್ಟು ತಡವಾದರೆ ಅದು ಕೈಬಿಡುತ್ತದೆ? ಭೌತಶಾಸ್ತ್ರದ ಪುಸ್ತಕದಲ್ಲಿ ಇದಕ್ಕೆ ಉತ್ತರ ಇಲ್ಲ. ಇದು ಅರಿವಿನ ನರವಿಜ್ಞಾನದವರ ಕೆಲಸ. ಕಣ್ಣು, ಕಿವಿ, ಚರ್ಮದಿಂದ ಬೇರೆ ಬೇರೆ ಬರುವ ಸುದ್ದಿಯನ್ನು ಮಿದುಳು ಹೇಗೆ ಕೂಡಿಸುತ್ತದೆ, ಗಮನ ಎತ್ತ ಇದ್ದರೆ ಕೂಡಿಕೆ ಹೇಗೆ ಬದಲಾಗುತ್ತದೆ ಅಂತ ನೋಡುವವರು ಅವರು.

ಆ ಹುಡುಗಿಗೆ ಬಾಯಲ್ಲಿ ಒಂದು ಅಂಕಿ ಹೇಳಿ ಕಳಿಸಬಹುದಿತ್ತು. ಆದರೆ ಅವಳೇ ಕೂತು ಕಂಡುಕೊಳ್ಳುವಂಥ ಒಂದು ಪೆಟ್ಟಿಗೆ ಮಾಡಬೇಕು ಅನ್ನಿಸಿತು. ಒಂದು ದೀಪ, ಒಂದು ಸದ್ದು, ಎರಡರ ನಡುವಿನ ಅಂತರ ನಮ್ಮ ಕೈಯಲ್ಲಿ. ಅಷ್ಟೇ ಅಲ್ವಾ ಅಂದುಕೊಂಡೆ. ಏಳು ವಾರ ಹಿಡಿಯಿತು.

ಮೊದಲ ಡಬ್ಬ

ಮೊದಲನೆಯದು ಬೂಟಿನ ರಟ್ಟಿನ ಡಬ್ಬ. ಮನೆಯಲ್ಲಿದ್ದ ಟಾರ್ಚ್ ಬಲ್ಬು, ಅದನ್ನು ಹಚ್ಚಲು ಒಂದು ರಿಲೇ (ಕರೆಂಟಿನಿಂದ ಆಡುವ ಸ್ವಿಚ್ಚು) ಬೋರ್ಡು, ಸದ್ದಿಗೆ ಎಂಪಿ3 ಮಾಡ್ಯೂಲು ಮತ್ತು ಸಣ್ಣ ಸ್ಪೀಕರು, ಎಲ್ಲಕ್ಕೂ ಯಜಮಾನ ಒಂದು ಆರ್ಡುಯಿನೋ ಊನೋ, ಅಂದರೆ ನಾವು ಬರೆದ ಪ್ರೋಗ್ರಾಂ ಓಡಿಸುವ ಅಂಗೈಯಗಲದ ಬೋರ್ಡು.

ಮೂರೂ ಆಯ್ಕೆ ತಪ್ಪು. ರಿಲೇ ಪ್ರತಿ ಸಲ 'ಟಿಕ್' ಅನ್ನುತ್ತದೆ. ಸದ್ದಿಲ್ಲದ ಮಿಂಚು ತೋರಿಸಬೇಕಾದಾಗಲೂ ಆ ಟಿಕ್ ಕೇಳಿಸುತ್ತದೆ. ತಂತಿ ಬಲ್ಬು ಕಾದು ಬೆಳಗಲು, ತಣಿದು ಆರಲು ಹೊತ್ತು ತೆಗೆದುಕೊಳ್ಳುತ್ತದೆ. ಎಂಪಿ3 ಮಾಡ್ಯೂಲಿಗೆ 'ಹಾಡು' ಅಂದರೆ ಅದು ಮೆಮೊರಿ ಕಾರ್ಡಿನಲ್ಲಿ ಫೈಲು ಹುಡುಕಿ, ಬಿಚ್ಚಿ, ಆಮೇಲೆ ಹಾಡುತ್ತದೆ. ಆ ತಡ ಒಂದೊಂದು ಸಲ ಒಂದೊಂದು. ತಡ ಎಷ್ಟಿದ್ದರೂ ಒಂದೇ ಸಮ ಇದ್ದರೆ ಲೆಕ್ಕದಲ್ಲಿ ಕಳೆಯಬಹುದು. ಬದಲಾಗುತ್ತಾ ಹೋದರೆ ಏನೂ ಮಾಡಲಾಗದು. ಮೂರನ್ನೂ ಬಿಚ್ಚಿ ಪಕ್ಕಕ್ಕಿಟ್ಟೆ.

ಎರಡನೇ ಡಬ್ಬಕ್ಕೆ 5 ಮಿಲಿಮೀಟರಿನ ಬಿಳಿ ಎಲ್‌ಇಡಿ ಮತ್ತು ಪ್ಯಾಸಿವ್ ಪೀಜೋ ಬಜರ್ ತೆಗೆದುಕೊಂಡೆ. ಬಜರ್ ಕೊಳ್ಳುವಾಗ ಹುಷಾರಾಗಿರಬೇಕು. ಆಕ್ಟಿವ್ ಅನ್ನುವ ಜಾತಿಯದಕ್ಕೆ ಒಳಗೇ ಸರ್ಕ್ಯೂಟು ಇರುತ್ತದೆ. ಕರೆಂಟು ಕೊಟ್ಟರೆ ತನ್ನದೇ ಸ್ವರದಲ್ಲಿ, ತನ್ನದೇ ಸಮಯಕ್ಕೆ ಶುರು ಮಾಡುತ್ತದೆ. ಪ್ಯಾಸಿವ್ ನಾವು ಕೊಟ್ಟ ಕಂಪನಕ್ಕೆ ಕೂಡಲೇ ಕುಣಿಯುತ್ತದೆ. ನಮಗೆ ಬೇಕಾದ್ದು ಅದೇ.

ಒಂದು ಮಿಂಚು ಎರಡಾದ ಸಂಜೆ

ನೇರವಾಗಿ ತಡ ಅಳೆಯುವ ಮೊದಲು ಬೇರೊಂದು ಪ್ರಯೋಗವನ್ನು ಡಬ್ಬದಲ್ಲಿ ಮಾಡಿ ನೋಡುವ ಆಸೆಯಿತ್ತು. 2000ನೇ ಇಸವಿಯಲ್ಲಿ ಲದನ್ ಶಮ್ಸ್, ಯುಕಿಯಾಸು ಕಮಿತಾನಿ, ಶಿನ್ಸುಕೆ ಶಿಮೋಜೊ ಎಂಬ ಮೂವರು 'ನೇಚರ್' ಪತ್ರಿಕೆಯಲ್ಲಿ ಒಂದು ಸಣ್ಣ ಲೇಖನ ಬರೆದರು. ಅಮೆರಿಕದ ಕ್ಯಾಲ್‌ಟೆಕ್‌ನಲ್ಲಿ ನಡೆದ ಕೆಲಸ ಅದು. ದೀಪ ಒಂದೇ ಸಲ ಮಿಂಚುತ್ತದೆ. ಅದರ ಜೊತೆಗೆ ಬೆನ್ನುಬೆನ್ನಿಗೆ ಎರಡು ಬೀಪ್. ನೋಡುವವರಿಗೆ ಮಿಂಚು ಎರಡು ಸಲ ಕಾಣುತ್ತದೆ. ಕೇಳಿದ್ದರಿಂದ ಕಂಡದ್ದೇ ಬದಲಾಗುತ್ತದೆ. ಕಣ್ಣು ದೊಡ್ಡದು, ಉಳಿದವೆಲ್ಲ ಅದರ ಹಿಂದೆ ಅಂತ ನಂಬಿಕೊಂಡಿದ್ದ ಕಾಲಕ್ಕೆ ಇದು ದೊಡ್ಡ ಸುದ್ದಿ. ಎಣಿಸುವುದರಲ್ಲಿ, ಯಾವಾಗ ಅಂತ ಗುರುತಿಸುವುದರಲ್ಲಿ ಕಿವಿ ಕಣ್ಣಿಗಿಂತ ಚುರುಕು. ಅಂಥ ಕಡೆ ಮಿದುಳು ಕಿವಿಯ ಮಾತಿಗೆ ತೂಕ ಜಾಸ್ತಿ ಕೊಡುತ್ತದೆ.

ಮೊದಲ ಸಲ ಸುಮ್ನೆ 100 ಮಿಲಿಸೆಕೆಂಡಿನ ಮಿಂಚು, 40 ಮಿಲಿಸೆಕೆಂಡಿನ ಬೀಪ್ ಇಟ್ಟು ಪ್ರೋಗ್ರಾಂ ಬರೆದೆ. ಕತ್ತಲೆಯಲ್ಲಿ ಕಣ್ಣಿಗೆ ಹೊಡೆಯಬಾರದು ಅಂತ ಎಲ್‌ಇಡಿಯನ್ನು 3ನೇ ಪಿನ್ನಿಗೆ ಹಾಕಿ, ಪೂರ್ತಿ ಬೆಳಕು 255 ಅಂದರೆ 40ರಷ್ಟಕ್ಕೆ ಮಂದ ಮಾಡಿದ್ದೆ. ಶಾಲೆ ಬಿಟ್ಟಮೇಲೆ ಕಿಟಕಿಗೆ ಗೋಣಿಚೀಲ ಕಟ್ಟಿ ಕೋಣೆ ಕತ್ತಲು ಮಾಡಿ ಕೂತೆವು. ಎರಡು ಬೀಪ್ ಬಂದಾಗಲೆಲ್ಲ ನನಗೆ ಮಿಂಚು ಎರಡು ಸಲ ಕಂಡಿತು. ಒಂದು ಸಲವೂ ತಪ್ಪಲಿಲ್ಲ. ಗಣಿತದ ಮೇಷ್ಟ್ರಿಗೂ ಹಾಗೇ ಕಂಡಿತು. ಅವತ್ತು ರಾತ್ರಿ ಮನೆಗೆ ಹೋಗಿ ಊಟಕ್ಕೆ ಕೂತರೂ ನನ್ನ ಬಾಯಲ್ಲಿ ಅದೇ ಮಾತು.

ಮರುದಿನ ಪ್ರಶ್ನೆ ಕೇಳಿದ ಹುಡುಗಿಯನ್ನೇ ಕೂರಿಸಿದೆ. ಅವಳಿಗೆ ಏನು ಕಾಣಬೇಕು ಅಂತ ನಾನು ಹೇಳಿರಲಿಲ್ಲ. ಐದಾರು ಸಲ ಆದಮೇಲೆ ಅವಳು ಅಂದದ್ದು: "ಸರ, ಸೌಂಡು ಒಂದ ಬಂದ್ರೂ ಲೈಟು ಎರಡ ಸಲ ಹೊಳಿತೈತ್ರಿ."

ನಾನೂ ನೋಡಿದೆ. ಹೌದು. ಒಂದೇ ಬೀಪ್ ಇದ್ದಾಗಲೂ ಎರಡು ಮಿಂಚು. ಅದು ಆಗಬಾರದು. ಒಂದು ಮಿಂಚಿಗೆ ಒಂದು ಬೀಪ್ ಇದ್ದರೆ ಒಂದೇ ಕಾಣಬೇಕು. ಹೋಲಿಸಿ ನೋಡಲೆಂದೇ ಅದನ್ನು ನಡುನಡುವೆ ಸೇರಿಸಿದ್ದು. ನಾನು ಮತ್ತು ಮೇಷ್ಟ್ರು ಎರಡು ಬೀಪ್‌ಗೆ ಮಾತ್ರ ಕಾಯುತ್ತಿದ್ದೆವು, ಒಂದು ಬೀಪ್ ಬಂದಾಗ ಏನಾಯಿತು ಅಂತ ನೋಡೇ ಇರಲಿಲ್ಲ.

ಮೊಬೈಲಿನ ಸ್ಲೋ ಮೋಷನ್ ಹಾಕಿದೆ. ಸೆಕೆಂಡಿಗೆ 240 ಫ್ರೇಮು, ಒಂದು ಫ್ರೇಮಿಗೆ ಹೆಚ್ಚುಕಡಿಮೆ 4 ಮಿಲಿಸೆಕೆಂಡು. ಬೆರಳಿನಲ್ಲಿ ಒಂದೊಂದೇ ಫ್ರೇಮು ಸರಿಸುತ್ತಾ ಎಣಿಸಿದೆವು. 7 ಫ್ರೇಮು ಬೆಳಕು. ಆಮೇಲೆ 10 ಫ್ರೇಮು ಪೂರ್ತಿ ಕತ್ತಲು. ಮತ್ತೆ 7 ಫ್ರೇಮು ಬೆಳಕು. ದೀಪ ನಿಜವಾಗಿಯೇ ಎರಡು ಸಲ ಹೊಳೆಯುತ್ತಿತ್ತು. ಅದರಲ್ಲಿ ಭ್ರಮೆ ಏನೂ ಇರಲಿಲ್ಲ.

ಕಾರಣ ಹುಡುಕಲು ಎರಡು ರಾತ್ರಿ ಬೇಕಾಯಿತು. ಊನೋದ ಒಳಗೆ ಮೂರು ಟೈಮರು ಇವೆ. ಬಜರ್ ಹಾಡಿಸುವ ಟೋನ್ ಫಂಕ್ಷನ್ನು ಅದರಲ್ಲಿ 'ಟೈಮರ್ 2' ಅನ್ನುವುದನ್ನು ಬಳಸುತ್ತದೆ. 3 ಮತ್ತು 11ನೇ ಪಿನ್ನಿನ ದೀಪ ಮಂದ ಮಾಡುವುದೂ ಅದೇ ಟೈಮರು. ಇಬ್ಬರಿಗೆ ಒಂದೇ ಗಡಿಯಾರ. ಬೀಪ್ ಶುರುವಾದ ಕೂಡಲೇ ಟೈಮರು ಆ ಕಡೆ ಹೋಗುತ್ತದೆ, ದೀಪ ಆರುತ್ತದೆ. ಬೀಪ್ ಮುಗಿದ ಮೇಲೆ ನನ್ನ ಲೂಪು ಮತ್ತೆ ದೀಪ ಹಚ್ಚಲು ಹೇಳುತ್ತದೆ, ದೀಪ ಹತ್ತುತ್ತದೆ. 40 ಮಿಲಿಸೆಕೆಂಡಿನ ಬೀಪ್, 40 ಮಿಲಿಸೆಕೆಂಡಿನ ಕತ್ತಲು. ಆ ಫಂಕ್ಷನ್ನಿನ ವಿವರಣೆಯಲ್ಲಿ ಇದನ್ನು ಸ್ಪಷ್ಟವಾಗಿ ಬರೆದಿದ್ದಾರೆ. ನಾನು ಓದಿರಲಿಲ್ಲ.

ಸರಿ ಮಾಡಿದ್ದು ಹೀಗೆ. ಎಲ್‌ಇಡಿಯನ್ನು 8ನೇ ಪಿನ್ನಿಗೆ ಬದಲಿಸಿದೆ. ಪ್ರೋಗ್ರಾಂನಿಂದ ಮಂದ ಮಾಡುವುದನ್ನೇ ಬಿಟ್ಟೆ. ಆ ರೀತಿ ಮಂದ ಮಾಡುವುದು ಅಂದರೆ ಸೆಕೆಂಡಿಗೆ 490 ಸಲ ಹಚ್ಚಿ ಆರಿಸುವುದು. ಮುಂದೆ ಇಡಬೇಕೆಂದಿದ್ದ 17 ಮಿಲಿಸೆಕೆಂಡಿನ ಮಿಂಚಿನೊಳಗೆ ಎಂಟು ಚೂರು ಮಿಂಚುಗಳು ಬೀಳುತ್ತವೆ. ಅದರ ಬದಲು 220 ಓಮ್ ರೆಸಿಸ್ಟರ್ ತೆಗೆದು 4.7 ಕಿಲೋ ಓಮ್‌ದು ಹಾಕಿದೆ. ದೀಪ ತಾನೇ ಮಂದವಾಯಿತು. ಹತ್ತಿದರೆ ಪೂರ್ತಿ ಹತ್ತುತ್ತದೆ, ಆರಿದರೆ ಪೂರ್ತಿ ಆರುತ್ತದೆ. ಎರಡು ರೂಪಾಯಿಯ ವಸ್ತು.

ನೀಲಿ ತೂತು ಮತ್ತು ಸೋಲಾರ್ ಚೂರು

ಇಷ್ಟಾದ ಮೇಲೆ ನನಗೆ ಡಬ್ಬದ ಮೇಲೆ ನಂಬಿಕೆ ಉಳಿಯಲಿಲ್ಲ. ಎರಡು ಬೀಪ್ ನಡುವೆ ಪ್ರೋಗ್ರಾಂನಲ್ಲಿ 57 ಅಂತ ಬರೆದರೆ ಹೊರಗೆ 57 ಮಿಲಿಸೆಕೆಂಡೇ ಬರುತ್ತದೆ ಅಂತ ಏನು ಗ್ಯಾರಂಟಿ? ಕರೆಂಟಿನ ಏರಿಳಿತವನ್ನು ಪರದೆ ಮೇಲೆ ಗೆರೆಯಾಗಿ ತೋರಿಸುವ ಆಸಿಲೋಸ್ಕೋಪ್ ಇದ್ದರೆ ಒಂದು ನಿಮಿಷದ ಕೆಲಸ. ನಮ್ಮಲ್ಲಿಲ್ಲ.

ಶಾಲೆಯ ಕಂಪ್ಯೂಟರ್ ಕೋಣೆಯಲ್ಲಿ ಹಳೇ ಡೆಸ್ಕ್‌ಟಾಪ್ ಇದೆ. ಅದರ ಹಿಂದೆ ಮೂರು ಬಣ್ಣದ ತೂತುಗಳು. ಹಸಿರು ಸ್ಪೀಕರಿಗೆ, ಗುಲಾಬಿ ಮೈಕಿಗೆ. ನೀಲಿಯನ್ನು ಯಾರೂ ಮುಟ್ಟುವುದಿಲ್ಲ. ಅದು ಲೈನ್ ಇನ್, ಎಡ-ಬಲ ಎರಡು ದಾರಿ ಬೇರೆ ಬೇರೆ ತೆಗೆದುಕೊಳ್ಳುತ್ತದೆ. ಸೆಕೆಂಡಿಗೆ 44,100 ಸಲ ಅಳೆಯುತ್ತದೆ. ಅಂದರೆ ಒಂದು ಮಿಲಿಸೆಕೆಂಡಿನಲ್ಲಿ 44 ಅಳತೆ. ನಮಗೆ ಬೇಕಾದ್ದಕ್ಕಿಂತ ಜಾಸ್ತಿಯೇ.

ಹಾಳಾದ ಸೋಲಾರ್ ಕ್ಯಾಲ್ಕ್ಯುಲೇಟರಿನಿಂದ ಬೆರಳುಗುರಿನಷ್ಟು ಸೋಲಾರ್ ಚೂರು ಬಿಚ್ಚಿಕೊಂಡೆ. ಹಳೇ ಇಯರ್‌ಫೋನಿನ ವೈರು ಕತ್ತರಿಸಿ, ಪಿನ್ನಿನ ಎಡ ದಾರಿಗೆ ಆ ಚೂರನ್ನು ಬೆಸುಗೆ ಹಾಕಿದೆ. ಬಲ ದಾರಿಗೆ ಇನ್ನೊಂದು ಪೀಜೋ ಬಿಲ್ಲೆ. ಪೀಜೋ ಎರಡೂ ಕಡೆ ಕೆಲಸ ಮಾಡುತ್ತದೆ. ಕರೆಂಟು ಕೊಟ್ಟರೆ ಅದುರುತ್ತದೆ, ಅದುರಿಸಿದರೆ ಕರೆಂಟು ಕೊಡುತ್ತದೆ. ಇಯರ್‌ಫೋನ್ ವೈರಿನ ಎಳೆಗಳ ಮೇಲೆ ಬಣ್ಣದ ವಾರ್ನಿಶ್ ಇರುತ್ತದೆ. ಅದನ್ನು ಬೆಸುಗೆ ಕಡ್ಡಿಯ ತುದಿಯಲ್ಲಿ ಸ್ವಲ್ಪ ಹೊತ್ತು ಸುಡಬೇಕು, ಇಲ್ಲದಿದ್ದರೆ ಸೀಸ ಅಂಟುವುದೇ ಇಲ್ಲ. ಸೋಲಾರ್ ಚೂರನ್ನು ಎಲ್‌ಇಡಿಗೆ ಒತ್ತಿ, ಬಿಲ್ಲೆಯನ್ನು ಬಜರಿನ ಬೆನ್ನಿಗೆ ಅಂಟಿಸಿ, ಆಡಾಸಿಟಿ ಸಾಫ್ಟ್‌ವೇರಿನಲ್ಲಿ ರೆಕಾರ್ಡ್ ಒತ್ತಿದೆ.

ಪರದೆ ಮೇಲೆ ಎರಡು ಗೆರೆ ಬಂದವು. ಮೇಲಿನದು ಬೆಳಕು, ಕೆಳಗಿನದು ಸದ್ದು. ಬೆಳಕಿನ ಗೆರೆ ಗೋಡೆಯಂತೆ ಚಪ್ಪಟೆಯಾಗಿ ನಿಲ್ಲುವುದಿಲ್ಲ. ಏರಿ, ಇಳಿಯುತ್ತಾ ಬಂದು, ದೀಪ ಆರಿದಾಗ ಕೆಳಗೆ ಬೀಳುತ್ತದೆ. ಲೈನ್ ಇನ್ ಏರಿಳಿತವನ್ನು ಮಾತ್ರ ಒಳಗೆ ಬಿಡುತ್ತದೆ, ಒಂದೇ ಸಮ ಇರುವುದನ್ನು ತಡೆಯುತ್ತದೆ, ಅದಕ್ಕೆ. ಆದ್ದರಿಂದ ಅಂಚುಗಳನ್ನು ಮಾತ್ರ ನೋಡಬೇಕು. ಅಂಚುಗಳು ಬ್ಲೇಡಿನಂತೆ ಚೂಪಾಗಿದ್ದವು.

ಈ ಅಳತೆಯಲ್ಲಿ ಇನ್ನೊಂದು ತಪ್ಪು ಸಿಕ್ಕಿತು. ಕೆಲವೊಮ್ಮೆ ಎರಡನೇ ಬೀಪ್ ಹತ್ತಾರು ಮಿಲಿಸೆಕೆಂಡು ತಡ ಆಗುತ್ತಿತ್ತು. ನಡುವೆ ನಾನು ಕಂಪ್ಯೂಟರಿಗೆ ಉದ್ದದ ಸಾಲೊಂದನ್ನು ಕಳಿಸುತ್ತಿದ್ದೆ. ಸೆಕೆಂಡಿಗೆ 9600 ಬಿಟ್ ವೇಗದಲ್ಲಿ ಒಂದು ಅಕ್ಷರಕ್ಕೆ ಸುಮಾರು 1 ಮಿಲಿಸೆಕೆಂಡು ಬೇಕು. ಕಾಯುವ ಜಾಗದಲ್ಲಿ 64 ಅಕ್ಷರ ತುಂಬಿದರೆ ಇಡೀ ಪ್ರೋಗ್ರಾಂ ನಿಂತು ಕಾಯುತ್ತದೆ. ಬರೆಯುವುದನ್ನೆಲ್ಲ ಪ್ರತಿ ಸರದಿಯ ಕೊನೆಗೆ ಹಾಕಿದೆ. ಆಮೇಲೆ ನೂರು ಸಲ ಓಡಿಸಿ ನೋಡಿದೆ. ಅಂತರ 57 ಅಂದರೆ 57. ಅರ್ಧ ಮಿಲಿಸೆಕೆಂಡಿಗಿಂತ ಹೆಚ್ಚು ತಪ್ಪಿಲ್ಲ.

ಈ ಕೆಲಸದಲ್ಲಿ ನನಗೆ ತುಂಬಾ ಖುಷಿ ಕೊಟ್ಟದ್ದು ಆ ಎರಡು ಗೆರೆ. ಕಣ್ಣು-ಕಿವಿ ಬಗ್ಗೆ ಏನಾದರೂ ಹೇಳುವ ಹಕ್ಕು ಡಬ್ಬಕ್ಕೆ ಬಂದದ್ದು ಅವತ್ತು.

ಕರಿಹಲಗೆ ಬಣ್ಣ, 57 ಸೆಂಟಿಮೀಟರ್ ದಾರ

ಬಡಿಗೇರ ಅಜ್ಜ ಬಾಗಿಲು ಮಾಡಿ ಉಳಿದ 12 ಮಿಲಿಮೀಟರ್ ಪ್ಲೈವುಡ್ಡಿನಲ್ಲಿ ಪೆಟ್ಟಿಗೆ ಮಾಡಿಕೊಟ್ಟ. ಶಾಲೆಯಲ್ಲಿ ಉಳಿದಿದ್ದ ಕರಿಹಲಗೆ ಬಣ್ಣವನ್ನು ಒಳಗೂ ಹೊರಗೂ ಎರಡು ಸಲ ಬಳಿದೆವು. ಹೊಳಪಿಲ್ಲದ ಕಪ್ಪು, ಬೆಳಕನ್ನು ಎಲ್ಲೂ ಹಿಂದೆ ತಿರುಗಿಸುವುದಿಲ್ಲ. ಎಲ್‌ಇಡಿ ಮುಂದೆ 2 ಸೆಂಟಿಮೀಟರ್ ಅಗಲದ ಬಟರ್ ಪೇಪರಿನ ಬಿಲ್ಲೆ. ಅದರ ಹಿಂದೆಯೇ ಬಜರ್. ಸದ್ದು, ಬೆಳಕು ಒಂದೇ ಕಡೆಯಿಂದ ಬರಬೇಕು.

ಆ ಮಿಂಚನ್ನು ನೇರ ನೋಡಿದರೆ ಭ್ರಮೆ ಅಷ್ಟು ಗಟ್ಟಿಯಾಗಿ ಬರುವುದಿಲ್ಲ, ಓರೆಗಣ್ಣಿಗೆ ಚೆನ್ನಾಗಿ ಬರುತ್ತದೆ. ಅದಕ್ಕೆ ನೋಟ ನಿಲ್ಲಿಸಲು ಒಂದು ಸಣ್ಣ ಕೆಂಪು ದೀಪ, ಅದರಿಂದ 8 ಸೆಂಟಿಮೀಟರ್ ಕೆಳಗೆ ಮಿಂಚುವ ಬಿಲ್ಲೆ. ನೋಟದ ವಿಜ್ಞಾನದವರಲ್ಲಿ ಒಂದು ಚಂದದ ಲೆಕ್ಕ ಇದೆ. ಕಣ್ಣಿನಿಂದ 57 ಸೆಂಟಿಮೀಟರ್ ದೂರದಲ್ಲಿ 1 ಸೆಂಟಿಮೀಟರ್ ಅಂದರೆ ಹೆಚ್ಚುಕಡಿಮೆ 1 ಡಿಗ್ರಿ. ಪೆಟ್ಟಿಗೆಗೆ 57 ಸೆಂಟಿಮೀಟರ್ ದಾರ ಕಟ್ಟಿದೆ. ಕೂತವರು ದಾರದ ತುದಿಯನ್ನು ಕಣ್ಣಿನ ಪಕ್ಕಕ್ಕೆ ಹಿಡಿದು ದೂರ ನೋಡಿಕೊಂಡು, ಇಟ್ಟಿಗೆ ಮೇಲೆ ಮಡಚಿಟ್ಟ ಟವೆಲ್ಲಿಗೆ ಗದ್ದ ಊರುತ್ತಾರೆ. ಡಬ್ಬದಲ್ಲಿ ಬೀಪ್‌ಗಳ ನಡುವಿನ ಅಂತರವೂ 57 ಮಿಲಿಸೆಕೆಂಡು. ಶಮ್ಸ್ ಅವರ ಲೇಖನದಲ್ಲಿದ್ದದ್ದು ಅದೇ. ಬೀಪ್ ಅಂದರೆ 7 ಮಿಲಿಸೆಕೆಂಡಿನ ಚುಟುಕು ಸದ್ದು.

ಮಿಂಚುವ ದೀಪದ ಮುಂದೆ ಎಲ್ಲರನ್ನೂ ಕೂರಿಸಬಾರದು. ಮೂರ್ಛೆ ರೋಗ ಇರುವ ಮಕ್ಕಳನ್ನು ಕೂರಿಸಲಿಲ್ಲ. ಮನೆಯವರನ್ನು ಮೊದಲೇ ಕೇಳಿಕೊಂಡೆ. ಏಪ್ರಿಲ್ ಬಿಸಿಲಿಗೆ ಮುಚ್ಚಿದ ಕೋಣೆಯಲ್ಲಿ ಫ್ಯಾನ್ ಇಲ್ಲದೆ ಆಗದು, ಫ್ಯಾನ್ ಹಾಕಿದರೆ ಬೀಪ್ ಮುಳುಗುತ್ತದೆ. ಬೆಳಿಗ್ಗೆ ಆರೂವರೆಗೆ ಬರಲು ಹೇಳಿದೆ. ಎಲ್ಲರೂ ಬಂದರು.

ಈ ಸಲ ಮಿಂಚು 17 ಮಿಲಿಸೆಕೆಂಡು. ಒಂದು ಬೀಪ್, ಎರಡು ಬೀಪ್, ಬೀಪ್ ಇಲ್ಲದ್ದು, ನಿಜವಾಗಿ ಎರಡು ಮಿಂಚು, ಎಲ್ಲ ಕಲಸಿ ಬರುತ್ತವೆ. ಏನು ಬರುತ್ತದೆ ಅಂತ ಕೂತವರಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಒಂದು ಬೀಪ್ ಇದ್ದಾಗ ಮಕ್ಕಳು 'ಒಂದು' ಅಂದರು. ಎರಡು ಬೀಪ್ ಇದ್ದಾಗ ಹೆಚ್ಚಿನವರು ಅರ್ಧಕ್ಕಿಂತ ಜಾಸ್ತಿ ಸಲ 'ಎರಡು' ಅಂದರು. ಇಬ್ಬರಿಗೆ ಮಾತ್ರ ಬಹಳ ಕಡಿಮೆ ಬಂತು. ಇದು ಪ್ರತಿ ಸಲ, ಪ್ರತಿಯೊಬ್ಬರಿಗೂ ಬರುವಂಥದ್ದಲ್ಲ. ಮೊದಲ ಸಂಜೆ ಒಂದು ಸಲವೂ ತಪ್ಪದೆ ಬಂದದ್ದೇ ನನಗೆ ಅನುಮಾನ ತರಬೇಕಿತ್ತು.

ನನಗೆ ಈಗಲೂ ಬರುತ್ತದೆ. ದೀಪಕ್ಕೆ ಬೆಸುಗೆ ಹಾಕಿದವನೇ ನಾನು, ಒಂದೇ ಸಲ ಹೊಳೆಯುತ್ತದೆ ಅಂತ ಗೆರೆ ತೆಗೆದು ನೋಡಿದವನೂ ನಾನು. ಆದರೂ ಕಣ್ಣಿಗೆ ಎರಡು ಮಿಂಚು ಚೊಕ್ಕವಾಗಿ ಕಾಣುತ್ತವೆ. ತಿಳಿದಿದ್ದರೂ ಹೋಗದ ಭ್ರಮೆ ಇದು. ಊಹೆಯಿಂದ ಹೇಳುವುದಲ್ಲ, ನೋಟದ ಒಳಗೇ ಏನೋ ನಡೆಯುತ್ತದೆ ಅನ್ನಲು ಸಾಕ್ಷಿಯೂ ಇದೆ. 2006ರಲ್ಲಿ ವಾಟ್ಕಿನ್ಸ್, ಶಮ್ಸ್ ಮತ್ತು ಜೊತೆಯವರು ಎಂಆರ್‌ಐ ಯಂತ್ರದಲ್ಲಿ ನೋಡಿದರು. ಎರಡು ಕಂಡಿತು ಅಂದ ಸಲಗಳಲ್ಲಿ, ತಲೆಯ ಹಿಂಭಾಗದಲ್ಲಿ ಕಣ್ಣಿನ ಸುದ್ದಿ ಮೊದಲು ಬಂದು ತಲುಪುವ ಜಾಗದಲ್ಲೇ ಚಟುವಟಿಕೆ ಹೆಚ್ಚಿತ್ತು.

ಗಮನದ ವಿಷಯಕ್ಕೆ ಎರಡು ಬಟನ್ ಸೇರಿಸಿದೆ. ಕಾಲಿಂಗ್ ಬೆಲ್ಲಿನ ಸ್ವಿಚ್ಚುಗಳೇ. ಎಡದ್ದು ಬೆಳಕಿಗೆ, ಬಲದ್ದು ಸದ್ದಿಗೆ, ಎರಡೂ ಬಂದರೆ ಎರಡೂ ಒತ್ತಬೇಕು. ಫ್ರಾನ್ಸಿಸ್ ಕೊಲಾವಿಟಾ 1974ರಲ್ಲಿ ಕಂಡದ್ದನ್ನು ನೋಡುವ ಆಸೆ. ಬೆಳಕು, ಸದ್ದು ಒಟ್ಟಿಗೆ ಬಂದಾಗ ಜನ ಬೆಳಕಿನ ಗುಂಡಿ ಒತ್ತಿ ಸುಮ್ಮನಾಗುತ್ತಾರೆ. ಸದ್ದು ಬಂತಾ ಅಂದರೆ ಇಲ್ಲ ಅನ್ನುತ್ತಾರೆ. ನಮ್ಮ ಗಣಿತದ ಮೇಷ್ಟ್ರು ಮೂರು ಸಲ ಹಾಗೆ ಮಾಡಿದರು. ಸದ್ದು ಬಂದಿತ್ತು ಅಂತ ಗೆರೆ ತೋರಿಸಿದ ಮೇಲೇ ಅವರು ಒಪ್ಪಿದ್ದು. ಎಣಿಸುವಾಗ ಕಿವಿ ಕಣ್ಣನ್ನು ಎಳೆಯುತ್ತದೆ, ಇಲ್ಲಿ ಕಣ್ಣು ಕಿವಿಯನ್ನು ಮುಚ್ಚಿಬಿಡುತ್ತದೆ. ಯಾರು ಮೇಲು ಅನ್ನುವುದು ಕೆಲಸದ ಮೇಲೆ, ಗಮನದ ಮೇಲೆ ನಿಂತಿದೆ. 2005ರಲ್ಲಿ ಆಲ್ಸಿಯಸ್, ಸೊಟೊ-ಫರಾಕೊ ಮತ್ತು ಜೊತೆಯವರು ಮಾತಿನ ವಿಷಯದಲ್ಲಿ ಇನ್ನೊಂದು ಮುಖ ತೋರಿಸಿದರು. ತುಟಿ ಒಂದು ಅಕ್ಷರ ಆಡಿ, ಧ್ವನಿ ಇನ್ನೊಂದು ಹೇಳಿದರೆ ನಮಗೆ ಮೂರನೆಯದು ಕೇಳಿಸುವುದುಂಟು. ಮ್ಯಾಕ್‌ಗರ್ಕ್ ಮತ್ತು ಮ್ಯಾಕ್‌ಡೊನಾಲ್ಡ್ 1976ರಲ್ಲಿ ಇದನ್ನು ಬರೆದರು. ಆದರೆ ನೋಡುವವರಿಗೆ ಜೊತೆಗೇ ಇನ್ನೊಂದು ಕಷ್ಟದ ಕೆಲಸ ಕೊಟ್ಟರೆ ಆ ಕೂಡಿಕೆ ಸಡಿಲವಾಗುತ್ತದೆ. ಕೂಡಿಸುವುದು ತಂತಾನೇ ಆಗುವ ಕೆಲಸ ಮಾತ್ರ ಅಲ್ಲ, ಅದಕ್ಕೂ ಗಮನದ ಕೂಲಿ ಕೊಡಬೇಕು.

ಮೀಟರಿನ ಡಯಲ್

ಈಗ ಹುಡುಗಿಯ ಪ್ರಶ್ನೆ. ಪೆಟ್ಟಿಗೆಯ ಹಿಂದೆ ಒಂದು 10 ಕಿಲೋ ಓಮ್ ಪೊಟೆನ್ಷಿಯೋಮೀಟರ್ ಹಾಕಿದೆ. ರೇಡಿಯೋದ ವಾಲ್ಯೂಮ್ ತಿರುಗಿಸುವಂಥದ್ದೇ. ತಿರುಗಿಸಿದಷ್ಟೂ ಮಿಂಚು ಮೊದಲು, ಬೀಪ್ ಆಮೇಲೆ. 0ಯಿಂದ 400 ಮಿಲಿಸೆಕೆಂಡಿನ ತನಕ. ಅಗ್ಗದ ಪೊಟೆನ್ಷಿಯೋಮೀಟರ್ ಆದ್ದರಿಂದ ಮುಟ್ಟದಿದ್ದರೂ ಅಂಕಿ ನಡುಗುತ್ತದೆ, 16 ಸಲ ಓದಿ ಸರಾಸರಿ ತೆಗೆದರೆ ನಿಲ್ಲುತ್ತದೆ.

ಡಯಲ್ಲಿನ ಸುತ್ತ ಕಾಗದದ ಸ್ಕೇಲ್ ಅಂಟಿಸಿ, ಮಿಲಿಸೆಕೆಂಡಿನ ಬದಲು ಮೀಟರ್ ಬರೆದೆ. 10 ಮೀಟರ್, 20 ಮೀಟರ್, 30 ಮೀಟರ್. ಅಷ್ಟು ದೂರದಲ್ಲಿ ಬಟ್ಟೆ ಒಗೆಯುವವರಿದ್ದರೆ ಸದ್ದು ಎಷ್ಟು ತಡವಾಗುತ್ತದೋ ಅಷ್ಟು. ಬರೆಯುವಾಗ ಒಂದು ವಿಷಯ ನೆನಪಾಯಿತು. ಬಿಸಿ ಗಾಳಿಯಲ್ಲಿ ಸದ್ದು ಬೇಗ ಹೋಗುತ್ತದೆ, ಒಂದು ಡಿಗ್ರಿಗೆ ಸೆಕೆಂಡಿಗೆ 0.6 ಮೀಟರ್ ಜಾಸ್ತಿ. ನಮ್ಮ ಕಡೆ ಬೇಸಿಗೆ ಮಧ್ಯಾಹ್ನ 42 ಡಿಗ್ರಿ ಇದ್ದರೆ ವೇಗ 356 ಮೀಟರ್ ಆಗುತ್ತದೆ. 100 ಮೀಟರಿಗೆ 11 ಮಿಲಿಸೆಕೆಂಡಿನ ವ್ಯತ್ಯಾಸ. ನಾವು ಕಾಲುವೆಗೆ ಬೆಳಿಗ್ಗೆ ಹೋಗುವುದರಿಂದ 25 ಡಿಗ್ರಿಗೆ ಲೆಕ್ಕ ಹಾಕಿ ಗೆರೆ ಎಳೆದೆ.

ಕೂತವರಿಗೆ ಡಯಲ್ ಕಾಣಬಾರದು. ಏರಿಸುತ್ತಾ ಹೋಗಿ 'ಬೇರೆ ಆಯಿತು' ಅಂದಲ್ಲಿ ನಿಲ್ಲಿಸುವುದು, ಮತ್ತೆ ತುಂಬಾ ದೂರದಿಂದ ಇಳಿಸುತ್ತಾ ಬಂದು 'ಕೂಡಿತು' ಅಂದಲ್ಲಿ ನಿಲ್ಲಿಸುವುದು. ಎರಡು ಅಂಕಿ ಒಂದೇ ಬರುವುದಿಲ್ಲ. ಏರಿಸುವಾಗ ಹಳೆಯ ಉತ್ತರಕ್ಕೇ ಜೋತುಬೀಳುತ್ತೇವೆ. ಎರಡರ ನಡುವಿನದನ್ನು ಬರೆದುಕೊಂಡೆ.

ನನ್ನ ಅಂಕಿಯನ್ನು ಪಟ್ಟಿಯಿಂದ ತೆಗೆದೆ. ವಾರಗಟ್ಟಲೆ ತಡವಾದ ಬೀಪ್ ಕೇಳಿಕೊಂಡು ಕೂತವನ ಲೆಕ್ಕ ಸರಿಯಾಗಿರುವುದಿಲ್ಲ. ಒಂದೇ ತಡವನ್ನು ಮತ್ತೆ ಮತ್ತೆ ತೋರಿಸಿದರೆ ಮಿದುಳು ಅದಕ್ಕೆ ಒಗ್ಗಿ, ಅದನ್ನೇ 'ಕೂಡೇ' ಅನ್ನುವ ಕಡೆಗೆ ವಾಲುತ್ತದೆ ಅಂತ ಫುಜಿಸಾಕಿ, ಶಿಮೋಜೊ ಮತ್ತು ಜೊತೆಯವರು 2004ರಲ್ಲಿ ತೋರಿಸಿದ್ದಾರೆ.

ಹುಡುಗಿಗೆ ಡಬ್ಬದ ಮುಂದೆ 40 ಮೀಟರಿನ ಗೆರೆಯ ಹತ್ತಿರ ಬೆಳಕು-ಸದ್ದು ಬೇರೆಯಾದವು. ಅಂದರೆ ಸುಮಾರು 115 ಮಿಲಿಸೆಕೆಂಡು. ಅವಳು ಕೆಂಪು ಪೆನ್ನಿನಲ್ಲಿ ಆ ಗೆರೆ ಪಕ್ಕಕ್ಕೆ ಚುಕ್ಕೆ ಇಟ್ಟು, "ಕಾಲುವಿಗೆ ಹೋಗಿ ನೋಡೋಣ ನಡೀರಿ ಸರ" ಅಂದಳು.

ದಂಡೆ ಮೇಲೆ

ಆಟದ ಮೇಷ್ಟ್ರ 30 ಮೀಟರ್ ಟೇಪು ತಂದೆವು. ನೀರಿನ ಕಡೆ ಬೇಡ ಅಂತ ದಂಡೆ ರಸ್ತೆಯ ಆಚೆ ಬದಿಗೆ, ಹತ್ತು ಹತ್ತು ಮೀಟರಿಗೆ ಸುಣ್ಣದ ಪುಡಿಯಲ್ಲಿ ಗೆರೆ ಹಾಕಿದೆವು. ಒಬ್ಬ ಹುಡುಗ ಬಿಸಿಯೂಟದ ಸ್ಟೀಲ್ ತಟ್ಟೆ ಎದೆಗೆ ಎತ್ತಿ ಹಿಡಿದು ಸೌಟಿನಿಂದ ಬಡಿಯುತ್ತಾ ನಿಂತ. ಹುಡುಗಿ ಒಂದೊಂದೇ ಗೆರೆ ಹಿಂದೆ ಸರಿಯುತ್ತಾ ಹೋದಳು. ನಾನು ಅವಳ ಜೊತೆ ನಡೆದೆ, ಬಾಯಿ ಬಿಡಲಿಲ್ಲ.

30ರಲ್ಲಿ 'ಕೂಡೇ'. 40ರಲ್ಲಿ ಸ್ವಲ್ಪ ಹೊತ್ತು ನೋಡಿ, 'ಕೂಡೇ'. 50ರಲ್ಲೂ ಕೂಡೇ ಅಂದಳು, ದನಿಯಲ್ಲಿ ಅನುಮಾನ ಇತ್ತು. 60ರ ಗೆರೆ ದಾಟಿದ ಮೇಲೆ ನಿಂತು, "ಈಗ ಬ್ಯಾರೆ ಆತ್ರಿ" ಅಂದಳು. ವಾಪಸ್ ಬರುತ್ತಾ ನೋಡಿದಾಗಲೂ 50ರ ಗೆರೆ ಮುಟ್ಟುವ ಮೊದಲೇ ಕೂಡಿತು.

ಡಬ್ಬದಲ್ಲಿ 40, ದಂಡೆಯಲ್ಲಿ 50ಕ್ಕಿಂತ ಜಾಸ್ತಿ. ಡಬ್ಬ ತಪ್ಪು ಹೇಳುತ್ತಿಲ್ಲ ಅಂತ ಗೆರೆ ತೆಗೆದು ನೋಡಿದ್ದೇನೆ. ಹಾಗಾದರೆ ಏನು? ಸುಗಿತಾ ಮತ್ತು ಸುಜುಕಿ 2003ರಲ್ಲಿ ಒಂದು ಮಾತು ಹೇಳಿದ್ದರು. ದೂರ ಕಣ್ಣಿಗೆ ಕಾಣುತ್ತಿದ್ದರೆ, ಸದ್ದು ಬರಲು ಬೇಕಾದ ಹೊತ್ತನ್ನು ಮಿದುಳು ತಾನೇ ಲೆಕ್ಕ ಹಿಡಿದು ರಿಯಾಯಿತಿ ಕೊಡುತ್ತದೆ, ಸುಮಾರು 10 ಮೀಟರ್ ತನಕ. ಎಲ್ಲರೂ ಇದನ್ನು ಒಪ್ಪುವುದಿಲ್ಲ. ಬೇರೆಯವರು ಮಾಡಿದಾಗ ಅಂಥ ರಿಯಾಯಿತಿ ಕಾಣಲಿಲ್ಲ. ಅಲ್ಲದೆ 50 ಮೀಟರ್ ಎಲ್ಲಿ, 10 ಮೀಟರ್ ಎಲ್ಲಿ.

ಇದನ್ನು ನಾನು ಅವಳಿಗೆ ಹೇಳುತ್ತಿದ್ದೆ. ಅವಳು ತಟ್ಟೆ ಹಿಡಿದ ಹುಡುಗನನ್ನೇ ನೋಡುತ್ತಿದ್ದಳು. ಅವನು ಬೇಸರಕ್ಕೆ ಸುಮ್ನೆ ಸೌಟು ಮೇಲೆತ್ತಿ, ಬಡಿಯದೆ ಕೆಳಗಿಳಿಸಿದ.

"ಸರ, ಡಬ್ಬಿಯೊಳಗ ಲೈಟು ಒಮ್ಮೆಲೇ ಹತ್ತತೈತಿ. ಇಲ್ಲಿ ಕೈ ಮ್ಯಾಲೆ ಹೋಗೂದು ಕಾಣ್ತೈತಿ, ಬಡಿಯೂದು ಮೊದಲ ಗೊತ್ತಾಗ್ತೈತಿ. ಕೈ ಕಾಣದಂಗ ಬಡಿಸಿ ನೋಡೂನ್ರಿ."

ಬೂಟಿನ ಹಳೇ ರಟ್ಟಿನ ಡಬ್ಬ ಇನ್ನೂ ಎಸೆದಿರಲಿಲ್ಲ. ಅದರ ಒಂದು ಮಗ್ಗುಲು ಕತ್ತರಿಸಿ, ತಟ್ಟೆಯ ನಡುವಿಗೆ ಸರಿಯಾಗಿ ಅಂಗೈ ಅಗಲದ ತೂತು ಕೊರೆದಿದ್ದೇವೆ. ಸೌಟಿನ ತುದಿ ತಟ್ಟೆಗೆ ತಾಗುವ ಜಾಗ ಮಾತ್ರ ಅದರಲ್ಲಿ ಕಾಣುತ್ತದೆ. ಕೋಲಿಗೆ ಕಟ್ಟಿ ನಿಲ್ಲಿಸುವುದು ಬಾಕಿ. ಭಾನುವಾರ ಬೆಳಿಗ್ಗೆ ಆರೂವರೆಗೆ ಸೇತುವೆ ಹತ್ತಿರ ಸೇರುವುದು ಅಂತಾಗಿದೆ, ಗಾಳಿ ಏಳುವ ಮುಂಚೆ.